ವೃತ್ತಿಯ ಮುಂದಿನ ಹೆಜ್ಜೆಗೆ ಸ್ವಮೌಲ್ಯಮಾಪನ

ಬಡ್ತಿ ಕೈತಪ್ಪಿದಾಗ, ಸಂಬಳ ಇದ್ದಲ್ಲೇ ನಿಂತಾಗ ಹೆಚ್ಚಿನವರು ಮೊದಲು ಹುಡುಕುವುದು ಬೇರೆ ಕೆಲಸವನ್ನು. ಹೊಸ ಕಚೇರಿಗೆ ಸೇರಿದ ಒಂದೆರಡು ವರ್ಷಗಳಲ್ಲಿ ಹಳೆಯ ಬೇಸರವೇ ಮತ್ತೆ ಎದುರಾಗುವುದೂ ಉಂಟು. ಕೆಲಸ ಬದಲಾಗಿರುತ್ತದೆ; ಆದರೆ ತನಗೆ ಒಗ್ಗುವ ಕೆಲಸ ಯಾವುದು, ತಾನು ಇನ್ನೇನು ಕಲಿಯಬೇಕು ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿರುತ್ತವೆ. ಇವುಗಳಿಗೆ ಕ್ರಮಬದ್ಧವಾಗಿ ಉತ್ತರ ಕಂಡುಕೊಳ್ಳುವ ವಿಧಾನವೇ ಸ್ವಮೌಲ್ಯಮಾಪನ.

ಅನಿಸಿಕೆ ಸಾಲದು

‘ನಾನು ಶ್ರಮಜೀವಿ’, ‘ಎಲ್ಲರೊಡನೆ ಹೊಂದಿಕೊಳ್ಳುತ್ತೇನೆ’ ಎಂದು ಬಯೋಡೇಟಾದಲ್ಲಿ ಬರೆಯುವುದು ಸುಲಭ. ಆದರೆ ತನ್ನ ಬಗ್ಗೆ ತನಗಿರುವ ಅನಿಸಿಕೆ ಎಷ್ಟರ ಮಟ್ಟಿಗೆ ನಿಜ? ಅಮೆರಿಕದ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರುಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ವ್ಯಾಕರಣ, ತರ್ಕ ಮುಂತಾದ ಪರೀಕ್ಷೆಗಳಲ್ಲಿ ಅತಿ ಕಡಿಮೆ ಅಂಕ ಪಡೆದವರ ನಿಜವಾದ ಸ್ಥಾನ 100ರ ಸಾಲಿನಲ್ಲಿ ಕೆಳಗಿನಿಂದ ಸುಮಾರು 12 ಆಗಿದ್ದರೆ, ಅವರು ತಮ್ಮನ್ನು ಸುಮಾರು 62ರಲ್ಲಿ ಇಟ್ಟುಕೊಂಡಿದ್ದರು. ಅತಿ ಹೆಚ್ಚು ಅಂಕ ಪಡೆದವರು ಇದಕ್ಕೆ ಪ್ರತಿಯಾಗಿ ತಮ್ಮ ಸ್ಥಾನವನ್ನು ಇದ್ದುದಕ್ಕಿಂತ ಕಡಿಮೆಯೆಂದೇ ಎಣಿಸಿದ್ದರು. ಆದ್ದರಿಂದ ಸ್ವಮೌಲ್ಯಮಾಪನಕ್ಕೆ ಆಧಾರವಾಗಬೇಕಾದುದು ಅನಿಸಿಕೆಯಲ್ಲ, ಮಾಡಿದ ಕೆಲಸದ ದಾಖಲೆ.

ಬರೆದಿಟ್ಟು ಹೋಲಿಸುವ ಕ್ರಮ

ನಿರ್ವಹಣಾ ಚಿಂತಕ ಪೀಟರ್ ಡ್ರಕರ್ 1999ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ಬರೆದ ‘ಮ್ಯಾನೇಜಿಂಗ್ ಒನ್‌ಸೆಲ್ಫ್’ ಲೇಖನದಲ್ಲಿ ಒಂದು ಸರಳ ಕ್ರಮವನ್ನು ವಿವರಿಸಿದ್ದಾರೆ. ಮುಖ್ಯವಾದ ನಿರ್ಧಾರ ಕೈಗೊಂಡಾಗಲೆಲ್ಲ ಅದರಿಂದ ಏನಾಗಬಹುದೆಂಬ ನಿರೀಕ್ಷೆಯನ್ನು ಬರೆದಿಡಬೇಕು. 9 ಅಥವಾ 12 ತಿಂಗಳ ನಂತರ ನಿಜವಾಗಿ ಆದದ್ದನ್ನು ಅದರೊಡನೆ ಹೋಲಿಸಬೇಕು. ಎರಡು ಮೂರು ವರ್ಷ ಇದನ್ನು ಬಿಡದೆ ಮಾಡಿದರೆ ವ್ಯಕ್ತಿಯ ಸಾಮರ್ಥ್ಯ ಎಲ್ಲಿದೆ, ಎಲ್ಲಿ ಇಲ್ಲ ಎಂಬುದು ಗೋಚರಿಸುತ್ತದೆ ಎಂಬುದು ಅವರ ಅನುಭವ. ತಾಂತ್ರಿಕ ತಜ್ಞರನ್ನು ತಾನು ಸಹಜವಾಗಿ ಅರ್ಥಮಾಡಿಕೊಳ್ಳಬಲ್ಲೆ ಎಂಬ ಸಂಗತಿ ಅವರಿಗೂ ಹೀಗೆ ಹೋಲಿಸಿ ನೋಡಿದಾಗಲೇ ತಿಳಿಯಿತು.

ಇದಕ್ಕೆ ಬೇಕಾದುದು ಒಂದು ನೋಟ್‌ಬುಕ್ ಮಾತ್ರ. ಪ್ರತಿ ವಾರ ನಾಲ್ಕು ಸಂಗತಿಗಳನ್ನು ದಿನಾಂಕ ಸಹಿತ ಬರೆದರೆ ಸಾಕು:

1. ಈ ವಾರ ಮುಗಿಸಿದ ಕೆಲಸ ಮತ್ತು ಅದರ ಫಲಿತಾಂಶ.
2. ತಡವಾದ ಅಥವಾ ತಪ್ಪಾದ ಕೆಲಸ ಮತ್ತು ಅದರ ಕಾರಣ.
3. ಸಹೋದ್ಯೋಗಿಗಳು ಅಥವಾ ಗ್ರಾಹಕರು ಯಾವ ವಿಷಯಕ್ಕೆ ಸಹಾಯ ಕೇಳಿ ಬಂದರು.
4. ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವುದನ್ನು ನಾಳೆಗೆ ಮುಂದೂಡಲಾಯಿತು.

ಒಂದು ಉದಾಹರಣೆ

ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಆರು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ಬಿ.ಕಾಂ. ಪದವೀಧರೆಯೊಬ್ಬರನ್ನು ಊಹಿಸಿಕೊಳ್ಳಬಹುದು. ಗೆಳತಿಯರೆಲ್ಲ ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವುದರಿಂದ ತಾನೂ ಸಾಲ ಮಾಡಿ ಕೋರ್ಸ್ ಸೇರುವ ಯೋಚನೆ ಅವರಿಗಿದೆ. ಮೂರು ತಿಂಗಳ ಟಿಪ್ಪಣಿ ತಿರುವಿ ನೋಡಿದಾಗ ಬೇರೆಯೇ ಚಿತ್ರ ಕಾಣುತ್ತದೆ. ಜಿಎಸ್‌ಟಿ ರಿಟರ್ನ್‌ಗಳು ಒಂದೂ ತಡವಾಗಿಲ್ಲ. ಇಲಾಖೆಯ ನೋಟಿಸ್ ಹಿಡಿದು ಗಾಬರಿಯಿಂದ ಬಂದ ವರ್ತಕರು ವಿವರಣೆ ಕೇಳುವುದು ಅವರನ್ನೇ. ಕೊರತೆ ಇರುವುದು ಇಂಗ್ಲಿಷ್ ಪತ್ರ ಬರೆಯುವುದರಲ್ಲಿ, ಎಕ್ಸೆಲ್‌ನಲ್ಲಿ ದೊಡ್ಡ ಪಟ್ಟಿಗಳನ್ನು ನಿಭಾಯಿಸುವುದರಲ್ಲಿ.

ಈಗ ದಾರಿ ಸ್ಪಷ್ಟವಾಗುತ್ತದೆ. ಕ್ಷೇತ್ರ ಬಿಡುವ ಅಗತ್ಯವಿಲ್ಲ. ಆ ಎರಡು ಕೊರತೆಗಳನ್ನು ನೀಗಿಸಿಕೊಳ್ಳಬೇಕು. ವಾಣಿಜ್ಯ ಪದವೀಧರರು ಜಿಎಸ್‌ಟಿ ಪ್ರಾಕ್ಟಿಷನರ್ ಆಗಿ ನೋಂದಾಯಿಸಿಕೊಂಡು ನಿಗದಿತ ಪರೀಕ್ಷೆ ಬರೆಯಲು ಅವಕಾಶವಿದೆ. ಇದೇ ಟಿಪ್ಪಣಿಯಲ್ಲಿ ಲೆಕ್ಕದ ಕೆಲಸವೆಲ್ಲ ಪ್ರತಿ ವಾರ ಮುಂದೂಡಿದ್ದೇ ಕಂಡುಬಂದಿದ್ದರೆ ಕ್ಷೇತ್ರ ಬದಲಿಸುವ ಯೋಚನೆಗೂ ಆಧಾರ ಸಿಗುತ್ತಿತ್ತು.

ಮನಸ್ಸಿಗೆ ಒಪ್ಪುವ ಕೆಲಸ

ಸಾಮರ್ಥ್ಯವೊಂದೇ ಅಳತೆಯಲ್ಲ. ಡ್ರಕರ್ 1930ರ ದಶಕದ ನಡುವಿನಲ್ಲಿ ಲಂಡನ್ನಿನ ಹಣಕಾಸು ಸಂಸ್ಥೆಯೊಂದರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರು. ಆದರೆ ತನಗೆ ಮುಖ್ಯವಾದುದು ಹಣವಲ್ಲ, ಜನರು ಎಂದು ಅರಿತು, ಆರ್ಥಿಕ ಕುಸಿತದ ಆ ದಿನಗಳಲ್ಲೇ, ಕೈಯಲ್ಲಿ ಬೇರೆ ಕೆಲಸವಿಲ್ಲದೆ ಅದನ್ನು ಬಿಟ್ಟರು. ಎಲ್ಲರೂ ಹಾಗೆ ಬಿಡಲಾಗದು. ಮನೆಸಾಲ, ಮಕ್ಕಳ ಶುಲ್ಕ, ವಯಸ್ಸಾದ ತಂದೆತಾಯಿಯರ ಆರೈಕೆ ಇವೂ ಲೆಕ್ಕಕ್ಕೆ ಬರಬೇಕು. ಎಷ್ಟು ತಿಂಗಳ ಖರ್ಚಿಗೆ ಉಳಿತಾಯವಿದೆ, ಊರು ಬಿಡಲು ಸಾಧ್ಯವೇ ಎಂಬುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಇತರರ ಕಣ್ಣಿಗೆ ಕಾಣುವುದು

ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ 1955ರಲ್ಲಿ ರೂಪಿಸಿದ ‘ಜೊಹಾರಿ ವಿಂಡೋ’ ಎಂಬ ನಾಲ್ಕು ಮನೆಗಳ ಚೌಕದಲ್ಲಿ, ಇತರರಿಗೆ ತಿಳಿದಿದ್ದು ತನಗೆ ತಿಳಿಯದ ಗುಣಗಳಿಗೂ ಒಂದು ಮನೆಯಿದೆ. ಅದನ್ನು ತುಂಬಬೇಕಾದರೆ ಕೇಳಲೇಬೇಕು. ‘ನಾನು ಹೇಗೆ?’ ಎಂದು ಕೇಳಿದರೆ ಸಿಗುವುದು ದಾಕ್ಷಿಣ್ಯದ ಮಾತು. ‘ಯಾವ ಕೆಲಸವನ್ನು ಯೋಚಿಸದೆ ನನಗೆ ವಹಿಸುತ್ತೀರಿ? ಯಾವುದನ್ನು ವಹಿಸಲು ಹಿಂಜರಿಯುತ್ತೀರಿ?’ ಎಂದು ಜೊತೆಯಲ್ಲಿ ದುಡಿದ ಇಬ್ಬರು ಮೂವರನ್ನು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ದೊರೆಯುತ್ತದೆ.

ಅಂಗಡಿ, ಮಂಡಿ, ತೋಟ ಮುಂತಾದ ಮನೆತನದ ಉದ್ಯಮದಲ್ಲಿರುವವರಿಗೆ ಇದು ಇನ್ನೂ ಅಗತ್ಯ. ಅಲ್ಲಿ ವಾರ್ಷಿಕ ಮೌಲ್ಯಮಾಪನ ಇರುವುದಿಲ್ಲ. ತಂದೆ ಮಗನ ನಡುವೆ ಇಂಥ ಮಾತು ಬರುವುದೂ ಕಡಿಮೆ. ಗಲ್ಲಾದಲ್ಲಿ ಕೂರಲು ಬೇಸರಪಡುವ ಮಗ ಸರಕು ಖರೀದಿಯಲ್ಲಿ ಅಥವಾ ಆನ್‌ಲೈನ್ ವ್ಯವಹಾರದಲ್ಲಿ ನಿಪುಣನಾಗಿರಬಹುದು. ಆರು ತಿಂಗಳ ಲೆಕ್ಕವನ್ನು ಮುಂದಿಟ್ಟು ಮಾತನಾಡಿದರೆ ಅದು ವಾದಕ್ಕಿಂತ ಹೆಚ್ಚು ಒಪ್ಪಿಗೆಯಾಗುತ್ತದೆ.

ಎಚ್ಚರ ವಹಿಸಬೇಕಾದ ಅಂಶಗಳು

ಸ್ವಮೌಲ್ಯಮಾಪನ ಎಂದರೆ ತನ್ನನ್ನು ತಾನು ದೂಷಿಸಿಕೊಳ್ಳುವುದಲ್ಲ. ಸಂಸ್ಥೆಯ ನಷ್ಟ, ಮೇಲಧಿಕಾರಿಯ ಪಕ್ಷಪಾತ ಇವು ನೌಕರನ ಕೊರತೆಗಳಲ್ಲ. ಅವನ್ನು ಬೇರೆಯಾಗಿ ಗುರುತಿಸಬೇಕು. ಬೈಗುಳ ಕೇಳಿದ ದಿನ ಅಥವಾ ಬಹುಮಾನ ಬಂದ ದಿನ ತೀರ್ಮಾನ ಮಾಡಬಾರದು. ಅಂತರಜಾಲದ ಆಸಕ್ತಿ ಪರೀಕ್ಷೆಗಳು ಯೋಚನೆಗೆ ದಾರಿ ತೋರಬಹುದು, ಅವೇ ಅಂತಿಮ ತೀರ್ಪಲ್ಲ. ಹೊರಗಿನ ಸಲಹೆ ಬೇಕಿದ್ದರೆ ಕೇಂದ್ರ ಕಾರ್ಮಿಕ ಸಚಿವಾಲಯ 2015ರಲ್ಲಿ ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವಿಸ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ವೃತ್ತಿ ಮಾರ್ಗದರ್ಶನ ಪಡೆಯಬಹುದು.

ಟಿಪ್ಪಣಿಯ ಕೊನೆಯಲ್ಲಿ ಮುಂದಿನ ಆರು ತಿಂಗಳಿಗೆ ಒಂದೇ ಒಂದು ಗುರಿ, ಅದಕ್ಕೆ ಮೀಸಲಿಡುವ ವಾರದ ಗಂಟೆಗಳು ಮತ್ತು ಮತ್ತೆ ತೆರೆದು ನೋಡುವ ದಿನಾಂಕ ಇರಬೇಕು. ಆ ದಿನ ತಪ್ಪದೆ ತೆರೆದು ನೋಡಿದಾಗಲೇ ಸ್ವಮೌಲ್ಯಮಾಪನದ ಪ್ರಯೋಜನ ಕೈಗೆ ಸಿಗುತ್ತದೆ.