ಕರೆನ್ಸಿಗೂ ಒಂದು ಲೆಕ್ಕ ಇಡಿ

ಬೀಜ, ಗೊಬ್ಬರದ ಲೆಕ್ಕ ಬರೆದಿಡುವ ನಾವು ಮೊಬೈಲಿಗೆ ಹಾಕಿಸುವ ಕರೆನ್ಸಿಯ ಲೆಕ್ಕ ಇಡುವುದಿಲ್ಲ. ನಾನೂ ಇಟ್ಟಿರಲಿಲ್ಲ. 2025ರಲ್ಲಿ ಮಗಳು ನನ್ನ ಫೋನಿಗೆ ಎಕ್ಸೆಲ್ ಥರದ ಶೀಟ್ ಹಾಕಿಕೊಟ್ಟಳು. ಏಳನೇ ಕ್ಲಾಸಿನವನಿಗೆ ಇದೆಲ್ಲ ಬಗ್ಗೀತೇ ಅಂದುಕೊಂಡಿದ್ದೆ. ಬಗ್ಗಿತು.

ಮೊದಲ ಕಾಲಮ್ಮಿನಲ್ಲಿ ಯಾರ ಫೋನು, ಎರಡನೆಯದರಲ್ಲಿ ರೂಪಾಯಿ, ಮೂರನೆಯದರಲ್ಲಿ ದಿನ. ನಾಲ್ಕನೆಯದರಲ್ಲಿ ಸಮ ಚಿಹ್ನೆ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ಬಿ2, ಓರೆಗೆರೆ, ಸಿ2 ಎಂದು ಬರೆದರೆ ದಿನಕ್ಕೆಷ್ಟು ಬಿತ್ತೆಂದು ಅದೇ ಭಾಗಿಸಿ ತೋರಿಸುತ್ತದೆ. ಐದನೆಯದರಲ್ಲಿ ಎಷ್ಟು ನೆಟ್ ಬಳಸಿದಿರಿ ಬರೆಯಿರಿ. ಕಣ್ಣು ತೆರೆಸಿದ್ದು ಇದೇ. ನಮ್ಮ ಮನೆಯವಳದು ಗುಂಡಿ ಫೋನು, ಸಾಲು ಪೂರ್ತಿ ಸೊನ್ನೆ! ಆದರೂ ನೆಟ್ ಸೇರಿದ 299 ರೂ. ಪ್ಯಾಕೇ ಹಾಕಿಸುತ್ತಿದ್ದೆ. ಅದು 28 ದಿನದ್ದು. ವರ್ಷಕ್ಕೆ 12 ಅಲ್ಲ, 13 ಸಲ. ಒಟ್ಟು 3,887 ರೂ.

ಬರೀ ಮಾತು, ಎಸ್ಸೆಮ್ಮೆಸ್ಸಿನ ಪ್ಯಾಕನ್ನೂ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಹೇಳಲಿಲ್ಲ, ನಾನೇ ಕೇಳಬೇಕಾಯಿತು. 365 ದಿನಕ್ಕೆ 1,849 ರೂ. ಆಯಿತು. ದಿನಕ್ಕೆ 10 ರೂ. 68 ಪೈಸೆ ಇದ್ದದ್ದು 5 ರೂ. 7 ಪೈಸೆಗೆ ಇಳಿಯಿತು. ವರ್ಷಕ್ಕೆ ಉಳಿದದ್ದು 2,038 ರೂ.

ಒಂದು ತೊಡಕುಂಟು. ಅಷ್ಟು ದುಡ್ಡು ಒಟ್ಟಿಗೆ ಬೇಕು. ಮಳೆ ನಂಬಿದ ನಮ್ಮ ಕೈಯಲ್ಲಿ ಬೇಸಿಗೆಗೆ ಎಲ್ಲಿರುತ್ತದೆ? ಶೇಂಗಾ ಮಾರಿದ ವಾರವೇ ಹಾಕಿಸಿಬಿಟ್ಟೆ. ನನ್ನ ಫೋನಿಗೆ ಮಾತ್ರ 28 ದಿನದ್ದೇ ಇದೆ. ಮಳೆ ಸುದ್ದಿ, ಪೇಟೆ ಧಾರಣೆಗೆ ನೆಟ್ ಬೇಕು.