ಜೋಳದ ನುಸಿಯೂ ಸ್ವಯಂಜನನವಾದದ ಪರೀಕ್ಷೆಯೂ

ವಿಜಯಪುರದ ಸುತ್ತಣ ಎರೆಭೂಮಿಯಲ್ಲಿಯೂ ತಿಕೋಟಾ, ಬಬಲೇಶ್ವರಗಳ ಕಡೆಯಲ್ಲಿಯೂ ಹಿಂಗಾರಿ ಜೋಳವು ಜನರ ಮುಖ್ಯ ಆಹಾರಧಾನ್ಯವಾಗಿದೆ. ಹಸನು ಮಾಡಿ ಬಿಗಿಯಾಗಿ ಮುಚ್ಚಿಟ್ಟ ಕಾಳಿನಲ್ಲಿ ಕೆಲವು ವಾರಗಳ ಮೇಲೆ ನುಸಿ ಕಾಣಿಸಿಕೊಂಡರೆ ‘ಕಾಳಿನಲ್ಲಿ ನುಸಿ ಹುಟ್ಟಿತು’ ಎನ್ನುವುದು ವಾಡಿಕೆ. ಈ ಮಾತನ್ನು ಅಕ್ಷರಶಃ ನಂಬಿದವನು ಕಾಳಿನ ರಕ್ಷಣೆಗಾಗಿ ಏನನ್ನೂ ಮಾಡಲಾರನು. ತಾನಾಗಿಯೇ ಹುಟ್ಟುವುದನ್ನು ತಡೆಯುವ ಬಗೆ ಎಂತು? ನಿರ್ಜೀವ ವಸ್ತುವಿನಿಂದ ಜೀವಿಗಳು ತಾವಾಗಿ ಉದ್ಭವಿಸುವುವೆಂಬ ಸ್ವಯಂಜನನವಾದವನ್ನು ಮೊದಲಿಗರು ಹೇಗೆ ಪರೀಕ್ಷಿಸಿದರೆಂಬುದನ್ನು ಈ ನುಸಿಯನ್ನು ಮುಂದಿಟ್ಟುಕೊಂಡೇ ನಾವು ಇಲ್ಲಿ ವಿವೇಚಿಸುತ್ತೇವೆ.

ಈ ವಾದವು ಅಜ್ಞರ ಕಲ್ಪನೆಯಾಗಿರಲಿಲ್ಲ. ಗ್ರೀಸಿನ ಅರಿಸ್ಟಾಟಲನು ಇದನ್ನು ಒಪ್ಪಿದ್ದನು. ನಮ್ಮಲ್ಲಿ ಐತರೇಯೋಪನಿಷತ್ತು ಅಂಡಜ, ಜರಾಯುಜ, ಉದ್ಭಿಜ್ಜಗಳೊಡನೆ ಬೆವರಿನಿಂದ ಹುಟ್ಟುವ ಸ್ವೇದಜವನ್ನೂ ಎಣಿಸುತ್ತದೆ. ಛಾಂದೋಗ್ಯದ ಎಣಿಕೆಯಲ್ಲಿ ಮೂರೇ ಬಗೆ. ಅಲ್ಲಿ ಸ್ವೇದಜವಿಲ್ಲವೆಂಬುದು ಗಮನಾರ್ಹವಾಗಿದೆ.

1668ರಲ್ಲಿ, ವಿಜಾಪುರವನ್ನು ಎರಡನೆಯ ಅಲಿ ಆದಿಲಶಾಹನು ಆಳುತ್ತಿದ್ದ ಕಾಲಕ್ಕೆ, ಇಟಲಿಯ ಫ್ಲಾರೆನ್ಸಿನಲ್ಲಿ ಫ್ರಾನ್ಸೆಸ್ಕೊ ರೆಡಿಯೆಂಬ ವೈದ್ಯನು ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಹಾವು, ಮೀನು, ಕರುವಿನ ಮಾಂಸ ಮೊದಲಾದವನ್ನು ಸೀಸೆಗಳಲ್ಲಿಟ್ಟು ಕೆಲವನ್ನು ಮುಚ್ಚಿ, ಕೆಲವನ್ನು ತೆರೆದಿಟ್ಟನು. ತೆರೆದವುಗಳಲ್ಲಿ ಮಾತ್ರ ಹುಳುಗಳಾದುವು. ಗಾಳಿಯಾಡದ್ದರಿಂದ ಹೀಗಾಯಿತೆಂಬ ಆಕ್ಷೇಪಣೆಗೆ ಎಡೆಯಿರಬಾರದೆಂದು ತೆಳುವಾದ ಜಾಳಿಗೆಯ ಬಟ್ಟೆಯನ್ನು ಕಟ್ಟಿ ಮತ್ತೆ ನೋಡಿದನು. ಗಾಳಿ ಒಳಹೊಕ್ಕಿತು, ನೊಣಗಳು ಹೊರಗುಳಿದುವು, ಮಾಂಸದಲ್ಲಿ ಹುಳುವಾಗಲಿಲ್ಲ.

ಇಂತಹ ರೆಡಿಯೂ ಒಂದೆಡೆ ಮುಗ್ಗರಿಸಿದನು. ನಮ್ಮ ಗ್ರಂಥಿಗೆಯ ಅಂಗಡಿಗಳಲ್ಲಿ ಮಾಚಿಕಾಯಿಯೆಂದು ಮಾರುವ ಓಕ್ ಮರದ ಗಂಟುಗಳೊಳಗೆ ಕೀಟವಿರುವುದನ್ನು ಕಂಡು, ಅದನ್ನು ಗಿಡದ ಜೀವಶಕ್ತಿಯೇ ಹುಟ್ಟಿಸುವುದೆಂದು ಅವನು ಬಗೆದನು. ಗಂಟಿಗೆ ಎಲ್ಲಿಯೂ ಬಾಗಿಲು ಕಾಣದಿದ್ದುದೇ ಇದಕ್ಕೆ ಕಾರಣ. ಕೀಟವು ಗಿಡದಲ್ಲಿ ತತ್ತಿಯಿಡುವುದರಿಂದಲೇ ಗಂಟು ಏಳುವುದೆಂದು ಮಾಲ್ಪಿಗಿಯು 1679ರಲ್ಲಿ ತೋರಿಸಿದನು.

ಜೋಳದ ನುಸಿಯೂ ನಮ್ಮನ್ನು ಇದೇ ಬಗೆಯಾಗಿ ವಂಚಿಸುತ್ತದೆ. ಹೆಣ್ಣು ನುಸಿಯು ತನ್ನ ಸೊಂಡಿಲಿನಿಂದ ಕಾಳಿನಲ್ಲಿ ಸಣ್ಣ ತೂತನ್ನು ಕೊರೆದು, ಅದರಲ್ಲಿ ಒಂದು ತತ್ತಿಯನ್ನಿಟ್ಟು, ಅಂಟುದ್ರವದಿಂದ ಬಾಯಿಯನ್ನು ಮುಚ್ಚಿಬಿಡುತ್ತದೆ. ಹುಳುವು ಒಳಗೇ ತಿಂದು ಬೆಳೆದು, ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಪೂರ್ಣ ಕೀಟವಾಗಿ ಹೊರಬೀಳುತ್ತದೆ. ಅಲ್ಲಿಯವರೆಗೆ ಕಾಳು ಹೊರಗಣ್ಣಿಗೆ ಇಡಿಯಾಗಿಯೇ ತೋರುವುದು. ಇಂತಹ ಕಾಳಿಗೆ ರೆಡಿಯ ಬಟ್ಟೆಯನ್ನು ಕಟ್ಟಿಟ್ಟರೆ ನುಸಿ ಹೇಗೂ ಬರುತ್ತದೆ. ಪ್ರಯೋಗವು ತಪ್ಪು ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ. ಪಾತ್ರೆಯನ್ನು ಮುಚ್ಚಿದರೆ ಸಾಲದು, ಮುಚ್ಚುವ ಹೊತ್ತಿಗೆ ಒಳಗೆ ಜೀವವಿರಲಿಲ್ಲವೆಂಬುದು ನಿಶ್ಚಯವಾಗಬೇಕು.

ಮುಂದಣ ಇನ್ನೂರು ವರ್ಷಗಳ ವಿವಾದವೆಲ್ಲ ಈ ಒಂದು ನಿಶ್ಚಯಕ್ಕಾಗಿ ನಡೆಯಿತೆಂದರೆ ಅತ್ಯುಕ್ತಿಯಾಗದು. ನೀಡಮನು ಮಾಂಸದ ಸಾರನ್ನು ಕಾಯಿಸಿ ಬಿರಡೆಯಿಕ್ಕಿದರೂ ಅದರಲ್ಲಿ ಸೂಕ್ಷ್ಮಜೀವಿಗಳು ತುಂಬಿಕೊಂಡುವೆಂದು 1748ರಲ್ಲಿ ವರದಿಮಾಡಿದನು. ಸ್ಪಲಾಂಜಾನಿಯು ಸೀಸೆಯ ಕೊರಳನ್ನೇ ಕರಗಿಸಿ ಮುಚ್ಚಿ, ಬಹಳ ಹೊತ್ತು ಕುದಿಸಿ, 1765ರಲ್ಲಿ ಇದಕ್ಕೆ ವಿರುದ್ಧವಾದ ಫಲವನ್ನು ಪ್ರಕಟಿಸಿದನು. ಅಷ್ಟು ಕುದಿಸಿದರೆ ವಸ್ತುವಿನ ಜನನಶಕ್ತಿಯೇ ನಾಶವಾಗುವುದೆಂದು ನೀಡಮನು ಉತ್ತರ ಕೊಟ್ಟನು. ಈ ಉತ್ತರವನ್ನು ನಾವು ಹುಸಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆಗಿನ ತಿಳಿವಿಗೆ ಅದು ಸಯುಕ್ತಿಕವಾಗಿಯೇ ಇದ್ದಿತು.

ಪಾಶ್ಚರನು ಹಂಸದ ಕೊರಳಿನಂತೆ ಬಾಗಿದ ನಳಿಕೆಯ ಸೀಸೆಗಳಿಂದ ಇದಕ್ಕೆ ಸಮಾಧಾನ ಹೇಳಿದನು. ಗಾಳಿ ಸರಾಗವಾಗಿ ಬರುವುದು, ಧೂಳು ಬಾಗಿನಲ್ಲಿಯೇ ನಿಲ್ಲುವುದು, ಸಾರು ಕೆಡದು. ಕೊರಳನ್ನು ಮುರಿದರೆ ಅದೇ ಸಾರು ಕೆಡುವುದು. 1860ರಲ್ಲಿ ಅವನು ಜೂರಾ ಬೆಟ್ಟದ ತಪ್ಪಲಿನಲ್ಲಿ ತೆರೆದ 20 ಸೀಸೆಗಳಲ್ಲಿ 8, ಸುಮಾರು 850 ಮೀಟರ್ ಎತ್ತರದಲ್ಲಿ ತೆರೆದ 20ರಲ್ಲಿ 5, ಸುಮಾರು 2000 ಮೀಟರ್ ಎತ್ತರದ ಹಿಮನದಿಯ ಬಳಿ ತೆರೆದ 20ರಲ್ಲಿ 1 ಮಾತ್ರ ಕೆಟ್ಟುವು. ಆದರೂ ಪ್ರತಿವಾದಿಯಾದ ಪೂಶೆಯು ಬಳಸಿದ ಹುಲ್ಲಿನ ಕಷಾಯವು ಕುದಿಸಿದರೂ ಕೆಡುತ್ತಿದ್ದಿತು. ಕುದಿನೀರಿಗೂ ಸಾಯದ ಬೀಜಾಣುಗಳು ಹುಲ್ಲಿನಲ್ಲಿರುವುದನ್ನು ಕೋನ್ ಎಂಬ ಸಸ್ಯಶಾಸ್ತ್ರಜ್ಞನು 1876ರಲ್ಲಿ ತೋರಿಸಿದನು. ಬಿಟ್ಟುಬಿಟ್ಟು ಕಾಯಿಸಿ ಅವನ್ನು ಕೊಲ್ಲುವ ಕ್ರಮವನ್ನು ಟಿಂಡಲನು 1877ರಲ್ಲಿ ತಿಳಿಸಿದನು. ಇಲ್ಲಿಯೂ ಜೀವವು ಒಳಗೇ ಅಡಗಿದ್ದಿತು.

ತಿಕೋಟಾದ ದ್ರಾಕ್ಷಿಯನ್ನು ಬಲ್ಲವರಿಗೆ ಇನ್ನೊಂದು ಪ್ರಯೋಗವು ಸ್ವಾರಸ್ಯವಾದೀತು. ಹಿಂಡಿಟ್ಟ ದ್ರಾಕ್ಷಾರಸವು ಏನನ್ನೂ ಬೆರೆಸದೆಯೇ ಹುಳಿಯೇರಿ ನೊರೆಯೇಳುವುದು. ಪಾಶ್ಚರನು 1878ರಲ್ಲಿ ತನ್ನ ಊರಾದ ಆರ್ಬ್ವಾದಲ್ಲಿ, ಹಣ್ಣು ಬಲಿಯುವ ಮೊದಲೇ ಕೆಲವು ಬಳ್ಳಿಗಳ ಮೇಲೆ ಗಾಜಿನ ಮನೆ ಕಟ್ಟಿಸಿದನು. ಆ ಗೊಂಚಲುಗಳ ರಸವು ನೊರೆಯೇಳಲಿಲ್ಲ. ಹುದುಗಿನ ಬೀಜವು ಹೊರಗಿನಿಂದ ಬಂದು ಹಣ್ಣಿನ ಸಿಪ್ಪೆಯ ಮೇಲೆ ಕೂಡುವುದೆಂದು ಇದರಿಂದ ಸಿದ್ಧವಾಯಿತು.

ನಮ್ಮ ಶಾಲೆಗಳಲ್ಲಿ ನುಸಿಯ ಪರೀಕ್ಷೆಯನ್ನು ನಡೆಸುವವರು ಮೂರು ಸೀಸೆಗಳನ್ನು ತೆಗೆದುಕೊಳ್ಳಲಿ. ಒಂದರಲ್ಲಿ ಪೇಟೆಯಿಂದ ತಂದ ಜೋಳವನ್ನು ಹಾಗೆಯೇ ಹಾಕಿ, ದಟ್ಟವಾದ ನೇಯ್ಗೆಯ ಬಟ್ಟೆಯನ್ನು ಕಟ್ಟಬೇಕು. ಉಳಿದೆರಡಕ್ಕೆ ಹಾಕುವ ಜೋಳವನ್ನು ತೆಳುವಾಗಿ ಹರವಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆಯಿಟ್ಟು ಆರಿಸಿಕೊಳ್ಳಬೇಕು. ಅವುಗಳಲ್ಲಿ ಒಂದಕ್ಕೆ ಅದೇ ಬಟ್ಟೆಯನ್ನು ಕಟ್ಟಿ, ಇನ್ನೊಂದನ್ನು ನುಸಿ ಹಿಡಿದ ಚೀಲದ ಬಳಿ ತೆರೆದಿಡಬೇಕು. ಎರಡು ತಿಂಗಳು ಕಾದು, ಕಾಯಿಸಿ ಬಟ್ಟೆ ಕಟ್ಟಿದ ಸೀಸೆಯನ್ನು ಮಿಕ್ಕೆರಡರೊಡನೆ ಹೋಲಿಸಿ ನೋಡಬೇಕು. ಬಿತ್ತನೆಗಾಗಿ ಇಟ್ಟ ಕಾಳನ್ನು ಮಾತ್ರ ಹೀಗೆ ಕಾಯಿಸಬಾರದು. ಅದರ ಮೊಳೆಯುವ ಶಕ್ತಿ ಕುಂದೀತು.