ಕಪ್ಪಿನ ಲೆಕ್ಕ, ತಕ್ಕಡಿಯ ಲೆಕ್ಕ

ಕೇಕ್ ಮಾಡಲು ಹೊರಟಿದ್ದೀರಿ. ವಿಧಾನದಲ್ಲಿ ಮೈದಾ 250 ಗ್ರಾಂ, ಸಕ್ಕರೆ 200 ಗ್ರಾಂ ಎಂದಿದೆ. ಮನೆಯಲ್ಲಿ ತಕ್ಕಡಿ ಇಲ್ಲ. ಅಂದಾಜಿನಲ್ಲಿ ಎರಡನ್ನೂ ಒಂದೊಂದು ಕಪ್ ಹಾಕಿದರೆ ಸಕ್ಕರೆ ಸರಿಯಾಗುತ್ತದೆ, ಆದರೆ ಮೈದಾ ಅರ್ಧದಷ್ಟೇ ಬೀಳುತ್ತದೆ. ಕೇಕ್ ಕುಸಿದು ಮೊಟ್ಟೆ, ಬೆಣ್ಣೆ, ಗ್ಯಾಸ್ ಎಲ್ಲವೂ ದಂಡವಾಗುತ್ತದೆ.

ಹೀಗೇಕೆ? ಗ್ರಾಂ ಎಂಬುದು ತೂಕ. ಕಪ್, ಚಮಚ, ಪಾವು ಇವೆಲ್ಲ ಪಾತ್ರೆಯ ಅಳತೆ. ಒಂದೇ ಪಾತ್ರೆ ತುಂಬುವ ಹಿಟ್ಟು ಹಗುರ, ಸಕ್ಕರೆ ಭಾರ, ಜೇನು ಇನ್ನೂ ಭಾರ. ಆದ್ದರಿಂದ ಎಲ್ಲ ಸಾಮಗ್ರಿಗೂ ಒಂದೇ ಲೆಕ್ಕ ಹೊಂದದು.

240 ಮಿ.ಲೀ. ಕಪ್ಪಿನಲ್ಲಿ ಸುಮಾರಾಗಿ ಹಿಡಿಯುವ ತೂಕ ಹೀಗಿದೆ:

* ಮೈದಾ – 125 ಗ್ರಾಂ
* ರವೆ – 170 ಗ್ರಾಂ
* ಅಕ್ಕಿ – 190ರಿಂದ 200 ಗ್ರಾಂ
* ಸಕ್ಕರೆ – 200 ಗ್ರಾಂ
* ಎಣ್ಣೆ, ತುಪ್ಪ – 220 ಗ್ರಾಂ
* ನೀರು – 240 ಗ್ರಾಂ
* ಜೇನು – 340 ಗ್ರಾಂ

ಚಹಾ ಕಪ್ಪನ್ನು ಅಳತೆಗೆ ನಂಬಬೇಡಿ. ಅದು ಮನೆಯಿಂದ ಮನೆಗೆ ಬೇರೆ. ರೈಸ್ ಕುಕ್ಕರ್ ಜೊತೆ ಬರುವ ಕಪ್ ಸಾಮಾನ್ಯವಾಗಿ 180 ಮಿ.ಲೀ. ಮಾತ್ರ. ಸಣ್ಣ ಚಮಚವೆಂದರೆ 5 ಮಿ.ಲೀ., ದೊಡ್ಡ ಚಮಚವೆಂದರೆ 15 ಮಿ.ಲೀ. ಮೈದಾವನ್ನು ಕಪ್ಪಿನಿಂದಲೇ ಡಬ್ಬಿಯಿಂದ ಒತ್ತಿ ತೆಗೆದರೆ 150 ಗ್ರಾಂವರೆಗೂ ತುಂಬುತ್ತದೆ. ಚಮಚದಿಂದ ಮೆಲ್ಲಗೆ ಹಾಕಿ, ಮೇಲ್ಭಾಗವನ್ನು ಚಾಕುವಿನಿಂದ ಸಮ ಮಾಡಿ.

ನೆಂಟರು ಬಂದಾಗ ತುಪ್ಪದನ್ನ ಮಾಡುವವರು ಇದನ್ನೂ ಗಮನಿಸಿ. 'ಒಂದಕ್ಕೆ ಎರಡು ನೀರು' ಎಂಬುದು ಪಾತ್ರೆಯ ಅಳತೆ. ಅದನ್ನು ಒಂದು ಕಿಲೋ ಅಕ್ಕಿಗೆ ಎರಡು ಲೀಟರ್ ಎಂದು ತಿಳಿದರೆ ನೀರು ಸಾಲದು. ಒಂದು ಕಿಲೋ ಅಕ್ಕಿಯೆಂದರೆ ಐದು ಕಪ್, ಅಂದರೆ 1.2 ಲೀಟರ್ ಜಾಗ ಹಿಡಿಯುತ್ತದೆ. ಅದಕ್ಕೆ ಬೇಕಾದದ್ದು ಹತ್ತು ಕಪ್, ಅಂದರೆ 2.4 ಲೀಟರ್ ನೀರು. ಅಕ್ಕಿಯನ್ನು ಅಳೆದ ಪಾತ್ರೆಯಿಂದಲೇ ನೀರನ್ನೂ ಅಳೆದರೆ ಈ ಗೊಂದಲವೇ ಇಲ್ಲ. ಅಕ್ಕಿ ಹಳೆಯದೋ ಹೊಸದೋ, ನೆನೆಸಿದ್ದೋ ಅಲ್ಲವೋ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಇದು ಅಡುಗೆಮನೆಗೆ ಮಾತ್ರ ಸೀಮಿತವಾದ ಲೆಕ್ಕವಲ್ಲ. ರಮಝಾನ್ ಕೊನೆಯಲ್ಲಿ ನಾವು ಕೊಡುವ ಫಿತ್ರ್ ಝಕಾತ್‌ನ 'ಸಾಅ್' ಕೂಡ ಪಾತ್ರೆಯ ಅಳತೆಯೇ. ನಾಲ್ಕು 'ಮುದ್ದ್' ಸೇರಿದರೆ ಒಂದು ಸಾಅ್. ಮುದ್ದ್ ಎಂದರೆ ಸಾಧಾರಣ ಮೈಕಟ್ಟಿನವನ ಎರಡು ಕೈ ಜೋಡಿಸಿದ ಬೊಗಸೆ. ಇದನ್ನು ತೂಕಕ್ಕೆ ತಂದಾಗ ಧಾನ್ಯಕ್ಕೆ ತಕ್ಕಂತೆ ಭಾರ ಬದಲಾಗುತ್ತದೆ. ಒಂದೆಡೆ ಎರಡೂವರೆ ಕಿಲೋ, ಇನ್ನೊಂದೆಡೆ ಮೂರು ಕಿಲೋ ಎಂದು ಕೇಳಿದಾಗ ಗಾಬರಿ ಬೇಡ. ಹನಫಿ ಮದ್ಸ್‌ಹಬ್‌ನಲ್ಲಿ ಗೋಧಿಯಾದರೆ ಅರ್ಧ ಸಾಅ್ ಸಾಕೆನ್ನುವುದರಿಂದ ಅಲ್ಲಿ ಅಂಕಿ ಇನ್ನೂ ಕಡಿಮೆ. ನಿಮ್ಮ ಜಮಾಅತ್‌ನ ಉಲಮಾಗಳು ತಿಳಿಸಿದ ಪ್ರಮಾಣವನ್ನು ಅನುಸರಿಸಿ. ಸಂದೇಹ ಬಂದರೆ ಒಂದು ಹಿಡಿ ಹೆಚ್ಚೇ ಹಾಕಿ. ಪಡೆಯುವ ಬಡವನ ಪಾಲು ಕಡಿಮೆಯಾಗದಿರಲಿ.

ಈಗಲೇ ಒಂದು ಕೆಲಸ ಮಾಡಿ. ನೀವು ದಿನವೂ ಬಳಸುವ ಲೋಟಕ್ಕೆ ಅಕ್ಕಿ, ಸಕ್ಕರೆ, ಮೈದಾ ಬೇರೆ ಬೇರೆಯಾಗಿ ತುಂಬಿ, ಪರಿಚಯದ ಅಂಗಡಿಯಲ್ಲಿ ಒಮ್ಮೆ ತೂಗಿಸಿ. ಆ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಮುಂದೆ ಯಾವ ವಿಧಾನ ಸಿಕ್ಕರೂ ನಿಮ್ಮ ಲೋಟವೇ ನಿಮ್ಮ ತಕ್ಕಡಿ.